ಸ್ಟೆಂಟ್ ಹಾಕಿ ಮೂರು ವಾರವಾಯ್ತು, ಅಪ್ಪ ತೋಟಕ್ಕೆ ಯಾವಾಗ ಹೋಗಬಹುದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಅಪ್ಪನಿಗೆ 58 ವರ್ಷ. ಮೂರು ವಾರದ ಹಿಂದೆ ಹೃದಯಾಘಾತವಾಗಿ ಶಿವಮೊಗ್ಗದಲ್ಲಿ ಕೈಯ ಮೂಲಕ ಒಂದು ಸ್ಟೆಂಟ್ ಹಾಕಿದರು. ಹೃದಯದ ಎಕೋ ಸ್ಕ್ಯಾನಿನಲ್ಲಿ ಇಎಫ್ 45 ಬಂದಿದೆ. ಡಿಸ್ಚಾರ್ಜ್ ಮಾಡುವಾಗ "ರೆಸ್ಟ್ ಮಾಡಲಿ, ಭಾರ ಎತ್ತುವುದು ಬೇಡ, ತಿಂಗಳು ಬಿಟ್ಟು ಬನ್ನಿ" ಎಂದಷ್ಟೇ ಹೇಳಿದರು. ದಿನಾ ಎರಡು ಸಲ ತೋಟ ಸುತ್ತುತ್ತಿದ್ದ ಅಪ್ಪ ಈಗ ಜಗಲಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ಅಮ್ಮ ಏಳಲು ಬಿಡುವುದೂ ಇಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಚಿಲಕ ಹಾಕುವಂತಿಲ್ಲ. ಆಗಾಗ ಎಡ ಎದೆಯಲ್ಲಿ ಚುಚ್ಚಿದ ಹಾಗಾಗುತ್ತದೆ ಎನ್ನುತ್ತಾರೆ. ಒಂದು ಮಾತ್ರೆ ಹೊಟ್ಟೆ ಉರಿಸುತ್ತದೆ ಅಂತ ಬಿಟ್ಟು ಬಿಟ್ಟು ತಗೊಳ್ತಾರೆ. ಮಾತು ಕಡಿಮೆಯಾಗಿದೆ. ನಡೆದಾಡಿದರೆ ಅಪಾಯವಾ? ತೋಟಕ್ಕೆ, ಕೊಟ್ಟಿಗೆಗೆ ಯಾವಾಗ ಹೋಗಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಮಾತು ಒಂದೇ. "ಬಿಟ್ಟು ಬಿಟ್ಟು." ಹಾಗಾಗಿ ನಡಿಗೆಯ ವಿಷಯಕ್ಕೆ ಬರುವ ಮೊದಲು ಮಾತ್ರೆಯದ್ದು ಮುಗಿಸೋಣ.

ಸ್ಟೆಂಟ್ ಅಂದರೆ ಲೋಹದ ಸಣ್ಣ ಜಾಲರಿ. ರಕ್ತಕ್ಕೆ ಅದು ಹೊರಗಿನ ವಸ್ತು. ಅದರ ಮೇಲೆ ನಮ್ಮದೇ ರಕ್ತನಾಳದ ತೆಳು ಪೊರೆ ಬೆಳೆದು ಮುಚ್ಚುವ ತನಕ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೊದಲ ತಿಂಗಳಲ್ಲಿ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. ಅದಕ್ಕೇ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಎರಡು ಮಾತ್ರೆ ಕೊಟ್ಟಿರುತ್ತಾರೆ. ಒಂದು ಆಸ್ಪಿರಿನ್. ಇನ್ನೊಂದು ಕ್ಲೊಪಿಡೊಗ್ರೆಲ್, ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲರ್. ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಆಮೇಲೆ ಒಂದು ಉಳಿಯುತ್ತದೆ. ಇದನ್ನು ಮಧ್ಯೆ ನಿಲ್ಲಿಸಿ ಸ್ಟೆಂಟ್ ಮುಚ್ಚಿಹೋಗಿ ಮತ್ತೆ ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಒಬ್ಬರು ಹಲ್ಲು ಕೀಳಿಸಬೇಕು ಅಂತ ತಾವೇ ನಾಲ್ಕು ದಿನ ನಿಲ್ಲಿಸಿದ್ದರು.

ಹೊಟ್ಟೆ ಉರಿ ಸುಳ್ಳಲ್ಲ. ಆಸ್ಪಿರಿನ್ ಹಾಗೆ ಮಾಡುತ್ತದೆ. ಊಟವಾದ ಮೇಲೆ ತೆಗೆದುಕೊಳ್ಳಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅಂಗಡಿಯಲ್ಲಿ ಸಿಕ್ಕ ಒಮೆಪ್ರಜೋಲ್ ಸುಮ್ನೆ ತಂದು ಕೊಡಬೇಡಿ. ಅದು ಕ್ಲೊಪಿಡೊಗ್ರೆಲ್‌ನ ಕೆಲಸವನ್ನು ಕುಂದಿಸಬಹುದು. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಮಾತ್ರ ಅದು ಬರೀ ಉರಿ ಅಲ್ಲ, ಅವತ್ತೇ ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು. ಟಿಕಾಗ್ರೆಲರ್ ಕೆಲವರಿಗೆ ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದಂತೆ ಮಾಡುತ್ತದೆ. ಹಾಗಾದರೆ ಫೋನ್ ಮಾಡಿ ಕೇಳಿ, ಬದಲಿ ಮಾತ್ರೆ ಇದೆ. ತಾವಾಗಿ ನಿಲ್ಲಿಸುವುದು ಬೇಡವೇ ಬೇಡ.

ಇನ್ನು ಇಎಫ್ 45. ನಿಮ್ಮಮ್ಮ ಇದನ್ನು ನೂರಕ್ಕೆ 45 ಮಾರ್ಕ್ಸ್ ಅಂತ ತಿಳಿದಿರಬಹುದು. ತುಂಬಾ ಜನ ಹಾಗೇ ತಿಳಿದು "ಅರ್ಧ ಹಾರ್ಟೇ ಹೋಯ್ತು" ಎನ್ನುತ್ತಾರೆ. ಹೃದಯ ಒಂದು ಸಲ ಹಿಂಡಿದಾಗ ಒಳಗಿದ್ದ ರಕ್ತದಲ್ಲಿ ಶೇಕಡ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವುದೇ ಇಎಫ್. ಗಟ್ಟಿಮುಟ್ಟಾದ ಹೃದಯವೂ ನೂರು ತಳ್ಳುವುದಿಲ್ಲ, 55ರಿಂದ 70ರ ಒಳಗೆ ಇರುತ್ತದೆ. ಅಪ್ಪನದ್ದು ಸ್ವಲ್ಪ ಕಡಿಮೆ, ಅಷ್ಟೇ. ಅದೂ ಪೆಟ್ಟು ಬಿದ್ದ ಹೊಸತರಲ್ಲಿ ತೆಗೆದ ಲೆಕ್ಕ. ರಕ್ತ ಸಿಗದೆ ಮರಗಟ್ಟಿದ ಹೃದಯದ ಸ್ನಾಯುವಿನಲ್ಲಿ ಒಂದಷ್ಟು ಸತ್ತಿರುತ್ತದೆ, ಒಂದಷ್ಟು ಬರೀ ಮಂಕಾಗಿರುತ್ತದೆ. ಮಂಕಾದದ್ದು ವಾರಗಳಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಸತ್ತ ಭಾಗದಲ್ಲಿ ಆರರಿಂದ ಎಂಟು ವಾರದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. ಆಮೇಲೆ ತೆಗೆಸಿದ ಎಕೋ ನಿಜವಾದ ಚಿತ್ರ ಕೊಡುತ್ತದೆ. ಅಲ್ಲಿಯ ತನಕ ಆ 45ನ್ನು ಜಾತಕದ ಹಾಗೆ ನಂಬಬೇಡಿ.

ಈಗ ಕುರ್ಚಿಗೆ ಬರೋಣ.

ಹೃದಯಾಘಾತವಾದವರು ಅಲ್ಲಾಡಬಾರದು ಅನ್ನುವ ಮಾತು ನಿಮ್ಮಮ್ಮ ಹುಟ್ಟಿಸಿದ್ದಲ್ಲ, ನಮ್ಮ ವೈದ್ಯರೇ ಹುಟ್ಟಿಸಿದ್ದು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಆರು ವಾರ ಹಾಸಿಗೆಯಲ್ಲಿ ಮಲಗಿಸಿಬಿಡುತ್ತಿದ್ದರು. ಊಟ ಮಾಡಿಸುವುದೂ ಇನ್ನೊಬ್ಬರೇ. ಗಾಯಕ್ಕೆ ಕಲೆ ಕಟ್ಟಲು ಆರು ವಾರ ಬೇಕಲ್ಲ, ಅಷ್ಟು ದಿನ ಅಲ್ಲಾಡಿದರೆ ಹೃದಯ ಒಡೆದೀತು ಎಂಬ ಲೆಕ್ಕ. ಹೃದಯ ಒಡೆಯದಿದ್ದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಜನ ಸಾಯುತ್ತಿದ್ದರು. 1950ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್, ಬರ್ನಾರ್ಡ್ ಲೌನ್ ಎಂಬಿಬ್ಬರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಬರೀ ಕೂರಿಸಿದ್ದು! ಅದಕ್ಕೇ ಜೊತೆಯ ವೈದ್ಯರು ರೇಗಿದರು. ರೋಗಿಗಳು ಮಾತ್ರ ಚೇತರಿಸಿಕೊಂಡರು. ಅಂದರೆ ಅವತ್ತಿಗೆ ಕುರ್ಚಿ ಅನ್ನುವುದು ದೊಡ್ಡ ಕ್ರಾಂತಿ. ಎಪ್ಪತ್ತು ವರ್ಷವಾದ ಮೇಲೂ ನಿಮ್ಮಪ್ಪ ಅದೇ ಕುರ್ಚಿಯಲ್ಲಿ ಕೂತಿದ್ದಾರೆ, ಅದು ನನಗೆ ಬೇಸರ.

ಸುಮ್ಮನೆ ಮಲಗಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಇಟ್ಟರು. ದುಡಿಯುವಾಗ ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದೇ ಕಸುವಿನ ಅಳತೆ. ಅದು ಮೂರೇ ವಾರಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಮಜಾ ಇರುವುದು ಮುಂದೆ. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಮೂವತ್ತು ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು. ನಿಮ್ಮಪ್ಪನದೂ ಈಗ ಮೂರು ವಾರವೇ, ಅಲ್ವಾ? ಅವರು ಪೂರ್ತಿ ಮಲಗಿಲ್ಲ, ನಿಜ. ಆದರೂ ಇವತ್ತು ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ಆಗುವ ಸುಸ್ತಿನಲ್ಲಿ ಹೃದಯದ ಪಾಲೆಷ್ಟು, ಕುರ್ಚಿಯ ಪಾಲೆಷ್ಟು ಅಂತ ಹೇಳುವುದು ಕಷ್ಟ. ಮನೆಯವರು ಪೂರ್ತಿ ಹೃದಯದ ಲೆಕ್ಕಕ್ಕೇ ಬರೆಯುತ್ತಾರೆ. ಮತ್ತಷ್ಟು ಕೂರಿಸುತ್ತಾರೆ.

ಹಾಗಾಗಿ ಉತ್ತರ ನೇರವಾಗಿ ಹೇಳುತ್ತೇನೆ. ನಡಿಗೆ ಅಪಾಯವಲ್ಲ, ನಡಿಗೆ ಅವರ ಔಷಧಿ. ವ್ಯಾಯಾಮ ಮುಖ್ಯವಾಗಿರುವ ಹೃದಯ ಪುನಶ್ಚೇತನದಿಂದ ಹೃದ್ರೋಗದ ಸಾವು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2016ರ ಪರಿಶೀಲನೆ ತೋರಿಸಿತು. ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆ. ಇಷ್ಟು ಕೆಲಸ ಮಾಡುವ ಮಾತ್ರೆ ಇದ್ದಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲ ಸಾಲಿನಲ್ಲಿ ಬರೆಯುತ್ತಿದ್ದರು. ನಡಿಗೆಯನ್ನು ಯಾರೂ ಬರೆಯುವುದಿಲ್ಲ. ನಿಮಗೆ ಸಿಕ್ಕ "ರೆಸ್ಟ್ ಮಾಡಲಿ" ಅನ್ನುವ ಎರಡು ಪದ ನಮ್ಮ ಕಡೆ ಬಹುಪಾಲು ಜನರಿಗೆ ಸಿಗುವಂಥದ್ದೇ. ಎಷ್ಟು ದಿನ ರೆಸ್ಟ್, ಯಾವುದರಿಂದ ರೆಸ್ಟ್ ಅಂತ ಹೇಳದಿದ್ದರೆ ಜನ ಜನ್ಮಪೂರ್ತಿ ಅಂತ ತಿಳಿಯುತ್ತಾರೆ.

ಶುರು ಮಾಡುವ ಮೊದಲು ಸ್ಟೆಂಟ್ ಹಾಕಿದ ಡಾಕ್ಟರಿಗೆ ಒಂದು ಫೋನ್ ಮಾಡಿ. ಮೂರು ವಿಷಯ ಕೇಳಿ. ಬೇರೆ ರಕ್ತನಾಳದಲ್ಲಿ ಬ್ಲಾಕ್ ಉಳಿದಿದೆಯಾ? ಹೃದಯದ ಬಡಿತದಲ್ಲಿ ಏರುಪೇರು ಕಂಡಿತ್ತಾ? ಎಕೋದಲ್ಲಿ ಹೃದಯದ ಒಳಗೆ ಹೆಪ್ಪುಗಟ್ಟಿದ ರಕ್ತವೇನಾದರೂ ಇತ್ತಾ? ಮೂರಕ್ಕೂ "ಇಲ್ಲ" ಅಂದರೆ, ಕೂತಾಗ ಎದೆನೋವು, ಕಾಲು ಬಾವು, ಜ್ವರ ಯಾವುದೂ ಇಲ್ಲದಿದ್ದರೆ, ಅವರ ಒಪ್ಪಿಗೆ ತೆಗೆದುಕೊಂಡು ನಾಳೆಯೇ ಶುರು ಮಾಡಬಹುದು. "ಇದೆ" ಅಂದರೆ ಅವರು ಹೇಳಿದ ಹಾಗೆ.

ಎಲ್ಲಿ ನಡೆಯಬೇಕು? ತೋಟದಲ್ಲಿ ಬೇಡ. ಕಾರಣ ನಿಮಗೇ ಗೊತ್ತು. ಮಲೆನಾಡಿನಲ್ಲಿ ಮನೆ ಮೇಲಿರುತ್ತದೆ, ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿರುತ್ತದೆ. ಹೋಗುವಾಗ ಇಳಿಜಾರು. ಹುರುಪಿನಲ್ಲಿ ಇಳಿದುಬಿಡುತ್ತಾರೆ. ಸುಸ್ತಾದ ಮೇಲೆ ವಾಪಸ್ ಹತ್ತಬೇಕು, ಬೇರೆ ದಾರಿಯೇ ಇಲ್ಲ. ಹೃದಯದವರಿಗೆ ಇದೇ ತಿರುಗುಮುರುಗಾಗಿರಬೇಕು. ಕಷ್ಟದ್ದು ಮೊದಲು, ಸುಲಭದ್ದು ಕೊನೆಗೆ. ಅದಕ್ಕೇ ಮೊದಲ ಮೂರು ನಾಲ್ಕು ವಾರ ಅಂಗಳವೇ ಸಾಕು. ಅಡಿಕೆ ಒಣಗಿಸುವ ಅಂಗಳ ಸಮತಟ್ಟು ಇರುತ್ತದೆ. ಹಗ್ಗ ಹಿಡಿದು ಮೂವತ್ತು ಮೀಟರ್ ಅಳೆದು ಎರಡು ತುದಿಗೆ ಎರಡು ಕಲ್ಲಿಡಿ. ಅಂಗಳ ಅಷ್ಟು ಉದ್ದವಿಲ್ಲದಿದ್ದರೆ ಇದ್ದಷ್ಟು ಅಳೆಯಿರಿ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾವು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುವುದೂ ಹೀಗೇ. ಆರು ನಿಮಿಷದಲ್ಲಿ ಎಷ್ಟು ಸುತ್ತು ಬರುತ್ತಾರೆ ಅಂತ ಒಂದು ಹಳೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ವಾರ ಬಿಟ್ಟು ಮತ್ತೆ ಬರೆಯಿರಿ. ಆ ಎರಡು ಅಂಕಿ ನಿಮ್ಮ ಅಮ್ಮನಿಗೆ ನನ್ನ ಇಡೀ ಉತ್ತರಕ್ಕಿಂತ ಜಾಸ್ತಿ ಧೈರ್ಯ ಕೊಡುತ್ತದೆ.

ಮೊದಲ ದಿನ ಐದು ನಿಮಿಷ ಬೆಳಿಗ್ಗೆ, ಐದು ನಿಮಿಷ ಸಂಜೆ. ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ಎರಡು ದಿನಕ್ಕೊಮ್ಮೆ ಎರಡು ನಿಮಿಷ ಸೇರಿಸುತ್ತಾ ಹೋಗಿ. ಮೂರು ನಾಲ್ಕು ವಾರದಲ್ಲಿ ಒಂದೇ ಸಲಕ್ಕೆ ಅರ್ಧ ಗಂಟೆ ನಡೆಯುವ ಹಾಗಾಗುತ್ತಾರೆ. ಶುರುವಿನ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷವೂ ನಿಧಾನ. ಜೋರಾಗಿ ನಡೆದು ಧಡಕ್ಕನೆ ನಿಲ್ಲಬಾರದು. ನಡೆಯುವಾಗ ಕಾಲಿಗೆ ಜಾಸ್ತಿ ರಕ್ತ ಹರಿಯುತ್ತಿರುತ್ತದೆ, ತಟ್ಟನೆ ನಿಂತರೆ ಅದು ಕೆಳಗೇ ಉಳಿದು ತಲೆ ಸುತ್ತು ಬರುತ್ತದೆ.

ಎಷ್ಟು ಜೋರು? ಇದಕ್ಕೆ ವಾಚು, ಯಂತ್ರ ಏನೂ ಬೇಡ. ಜೊತೆಗೆ ನೀವೋ ಅಮ್ಮನೋ ನಡೆಯಿರಿ. ಅಡಿಕೆ ರೇಟಿನ ಮಾತು ತೆಗೆಯಿರಿ. ಪೂರ್ತಿ ವಾಕ್ಯ ಆಡುತ್ತಾ ನಡೆಯುತ್ತಿದ್ದರೆ ವೇಗ ಸರಿಯಾಗಿದೆ. ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲಿಸಿ "ಹ್ಞೂ", "ಹೌದು" ಅಂತ ಮಾತ್ರ ಅಂದರೆ ಜಾಸ್ತಿಯಾಯಿತು. ಹಾಡು ಹೇಳುವಷ್ಟು ಉಸಿರಿದ್ದರೆ ತೀರಾ ಕಡಿಮೆಯಾಯಿತು. ನಾಡಿ ನೋಡಬೇಕೆಂದರೆ ನೋಡಿ, ಸ್ಟೆಂಟ್ ಹಾಕದ ಕೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಶುರುವಿನ ವಾರಗಳಲ್ಲಿ ಕೂತಾಗ ಇದ್ದದ್ದಕ್ಕಿಂತ ಇಪ್ಪತ್ತರ ಮೇಲೆ ಏರದಿದ್ದರೆ ಒಳ್ಳೆಯದು. ಆದರೆ ಮೆಟೊಪ್ರೊಲಾಲ್‌ನಂಥ ಮಾತ್ರೆ ಇದ್ದರೆ ನಾಡಿ ಏರುವುದೇ ಕಡಿಮೆ, ಆಗ ಅದನ್ನೇ ನಂಬಿ ಓಡಿಸಬೇಡಿ. ಮಾತಿನ ಪರೀಕ್ಷೆಯೇ ವಾಸಿ. ನಡೆದು ಕೂತ ಹತ್ತು ನಿಮಿಷಕ್ಕೆ ಉಸಿರು ಮಾಮೂಲಿಗೆ ಬರಬೇಕು. ಸಂಜೆಯವರೆಗೂ ಸುಸ್ತು ಉಳಿದರೆ ನಾಳೆ ಎರಡು ನಿಮಿಷ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಅಮ್ಮ ಜೊತೆಗೆ ನಡೆಯಲಿ ಅಂತ ಸುಮ್ನೆ ಹೇಳಿದ್ದಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡಿನ ತಂಡವೊಂದು ಪ್ರಕಟಿಸಿದ ಚಿಕ್ಕ ಅಧ್ಯಯನ ನನಗೆ ತುಂಬಾ ಇಷ್ಟ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಕೂಡ ಆ ತಂಡದಲ್ಲಿದ್ದರು. ಹೃದಯಾಘಾತವಾದ ಗಂಡಂದಿರಿಗೆ ಮೂರು ವಾರದ ಹೊತ್ತಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದರು. ಕೆಲವರ ಹೆಂಡತಿಯರು ಹೊರಗೆ ಕಾದರು. ಕೆಲವರು ಒಳಗೆ ನಿಂತು ನೋಡಿದರು. ಇನ್ನು ಕೆಲವರು ನೋಡಿದ್ದಲ್ಲದೆ ತಾವೇ ಆ ಯಂತ್ರ ಹತ್ತಿ, ಗಂಡ ಮುಟ್ಟಿದ ಅದೇ ವೇಗದಲ್ಲಿ, ಅದೇ ಏರಿನಲ್ಲಿ ಮೂರು ನಿಮಿಷ ನಡೆದರು. "ನನ್ನ ಗಂಡನ ಹೃದಯ ಗಟ್ಟಿಯಿದೆ" ಅನ್ನುವ ನಂಬಿಕೆ ನಿಜವಾಗಿ ಹುಟ್ಟಿದ್ದು ಈ ಮೂರನೇ ಗುಂಪಿನಲ್ಲಿ. ಬರೀ ನೋಡಿದವರ ಅನುಮಾನ ಹೋಗಲಿಲ್ಲ. ಏದುಸಿರು ತಮಗೂ ಬಂದಾಗ ತಾನೇ ಗೊತ್ತಾಗುವುದು, ಓಹೋ ಇವರು ಇಷ್ಟು ಮಾಡಿದರಾ ಅಂತ.

ನಿಮ್ಮಮ್ಮನನ್ನು ದೂರಬೇಡಿ. ಆ ರಾತ್ರಿ ಗಾಡಿಯಲ್ಲಿ ಶಿವಮೊಗ್ಗದವರೆಗೆ ಅಪ್ಪನ ಪಕ್ಕ ಕೂತವರು ಅವರಾಗಿದ್ದರೆ, ಅವರ ಕಣ್ಣ ಮುಂದೆ ಈಗಲೂ ಅದೇ ಓಡುತ್ತಿರುತ್ತದೆ. ಮೇಲಿಂದ ಮೊಬೈಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ಜನಕ್ಕೆ ವ್ಯಾಯಾಮ ಅಂದರೇ ದಿಗಿಲು ಹತ್ತಿಕೊಂಡಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳ್ಳಂಬೆಳಿಗ್ಗೆ ಜನ ಸಾಲು ನಿಂತರು. ಇಷ್ಟೆಲ್ಲ ನೋಡಿದ ಹೆಂಗಸು ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಕಾಯುವುದು ಪ್ರೀತಿಯೇ. ಆದರೆ ಪಕ್ಕದಲ್ಲೇ ಒಬ್ಬರು ದಿನವಿಡೀ ತನ್ನ ಮುಖ ನೋಡುತ್ತಾ ಕೂತರೆ ಯಾವ ಗಂಡಸಿಗೂ ತಾನು ಇವತ್ತೋ ನಾಳೆಯೋ ಅನಿಸಿಬಿಡುತ್ತದೆ. ಅಪ್ಪನ ಮಾತು ಕಡಿಮೆಯಾಗಿದ್ದರಲ್ಲಿ ಇದರ ಪಾಲು ಇರಬಹುದು.

ಪೂರ್ತಿ ಇದೇ ಅಂತಲೂ ಹೇಳಲಾರೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಗಂಡಸರು ಬೇಜಾರಾಗಿದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ಸಿಡುಕುತ್ತಾರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಕೂರುತ್ತಾರೆ, ಪೇಪರ್ ಮಡಿಸಿದ್ದು ಮಡಿಸಿದ ಹಾಗೇ ಇರುತ್ತದೆ, "ಇನ್ನು ನನ್ನಿಂದ ಏನಾಗ್ತದೆ" ಎನ್ನುತ್ತಾರೆ. ಎರಡು ವಾರ ನಡೆದ ಮೇಲೂ ಹೀಗೇ ಇದ್ದರೆ ಮುಂದಿನ ಭೇಟಿಯಲ್ಲಿ ಮುಚ್ಚಿಡದೆ ಹೇಳಿ. ಹೃದಯಕ್ಕೆ ತೊಂದರೆ ಕೊಡದ ಔಷಧಿಗಳಿವೆ. ಖಿನ್ನತೆ ಇದ್ದವರು ಮಾತ್ರೆಯನ್ನೂ ಬಿಟ್ಟು ಬಿಟ್ಟು ತಗೊಳ್ತಾರೆ ಅನ್ನುವುದನ್ನು ನೆನಪಿಡಿ. ನೋಡಲು ಬರುವ ನೆಂಟರನ್ನು ಸ್ವಲ್ಪ ತಡೆಯಿರಿ. ಹಣ್ಣು ತಂದು, ಹೀಗೇ ಆಗಿ ಹೋದವರ ಕತೆ ಹೇಳಿ ಹೋಗುವುದು ನಮ್ಮವರ ಹಳೆ ಚಾಳಿ.

ಎದೆಯ ಚುಚ್ಚು. ಮುಂದಿನ ಸಲ ಬಂದಾಗ "ಎಲ್ಲಿ ತೋರಿಸಿ" ಅನ್ನಿ. ಒಂದೇ ಬೆರಳಿನಲ್ಲಿ ಚುಕ್ಕಿ ಇಟ್ಟ ಹಾಗೆ ತೋರಿಸಿದರೆ, ಅಲ್ಲಿ ಒತ್ತಿದರೆ ನೋವು ಹೆಚ್ಚಿದರೆ, ಮಗ್ಗುಲು ಬದಲಿಸಿದಾಗ ಬಂದು ಕ್ಷಣದಲ್ಲಿ ಹೋದರೆ ಅದು ಬಹುಮಟ್ಟಿಗೆ ಪಕ್ಕೆಯ ಸ್ನಾಯುವಿನದು. ಹೃದಯದ ನೋವನ್ನು ಜನ ಬೆರಳಿನಲ್ಲಿ ತೋರಿಸುವುದು ಕಡಿಮೆ. ಅಂಗೈ ಇಡೀ ಎದೆಯ ಮಧ್ಯಕ್ಕೆ ಇಡುತ್ತಾರೆ, ಇಲ್ಲವೇ ಮುಷ್ಟಿ ಕಟ್ಟಿ ಒತ್ತುತ್ತಾರೆ. ಚುಚ್ಚು ಅನ್ನುವುದಿಲ್ಲ. "ಕಲ್ಲು ಹೇರಿದ ಹಾಗೆ", "ಬಿಗಿ ಹಿಡಿದ ಹಾಗೆ" ಅನ್ನುತ್ತಾರೆ. ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುತ್ತದೆ, ತಣ್ಣನೆ ಬೆವರು ಬರುತ್ತದೆ. ಅಂಥದ್ದು ಬಂದರೆ ಎಲ್ಲಿದ್ದಾರೋ ಅಲ್ಲೇ ಕೂರಿಸಿ. ನಿಂತುಕೊಂಡು ಅಲ್ಲ, ಕೂತು, ಎದೆನೋವಿಗೆಂದು ಕೊಟ್ಟಿರುವ ಸಾರ್ಬಿಟ್ರೇಟ್ ಮಾತ್ರೆ ಒಂದನ್ನು ನಾಲಿಗೆ ಕೆಳಗೆ ಇಡಿ. ಐದು ನಿಮಿಷದಲ್ಲಿ ತಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬಹುದು, ಸೋಡಾ ಕುಡಿ" ಅಂತ ಯಾರಾದರೂ ಹೇಳಿದರೆ ಅವರನ್ನೇ ಸೋಡಾ ತರಲು ಕಳಿಸಿ, ನೀವು ಗಾಡಿ ಹತ್ತಿಸಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹಾಗಾಗಿ ಮೊದಲು ಹತ್ತಿರದ ಆಸ್ಪತ್ರೆ. ಡಿಸ್ಚಾರ್ಜ್ ಚೀಟಿ ಮತ್ತು ಕೊನೆಯ ಇಸಿಜಿಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಹಳೆ ಇಸಿಜಿ ಪಕ್ಕದಲ್ಲಿದ್ದರೆ ಹೊಸದರಲ್ಲಿ ಏನು ಬದಲಾಗಿದೆ ಅಂತ ಡ್ಯೂಟಿ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.

ಬಚ್ಚಲಿನ ಚಿಲಕದ ವಿಷಯದಲ್ಲಿ ಅಮ್ಮ ಅರ್ಧ ಸರಿ. ಮಲೆನಾಡಿನ ಹಂಡೆ ಸ್ನಾನ ನನಗೂ ಗೊತ್ತು. ಮೈ ಕೆಂಪಾಗುವಷ್ಟು ಬಿಸಿ ನೀರು, ಹೊಗೆ, ಹಬೆ. ಅಪ್ಪನ ಮಾತ್ರೆಗಳಲ್ಲಿ ಬಿಪಿ ಇಳಿಸುವಂಥವು ಒಂದೆರಡು ಇದ್ದೇ ಇರುತ್ತವೆ. ಅದರ ಮೇಲೆ ಅಷ್ಟು ಬಿಸಿ ನೀರು ಬಿದ್ದರೆ ರಕ್ತನಾಳ ಹಿಗ್ಗಿ ಬಿಪಿ ಇನ್ನೂ ಇಳಿದು ತಲೆ ತಿರುಗಬಹುದು. ಉಗುರುಬೆಚ್ಚಗಿನ ನೀರು, ಕೂರಲು ಒಂದು ಸ್ಟೂಲು. ಬಾಗಿಲು ಹಾಕಿಕೊಳ್ಳಲಿ, ಚಿಲಕ ಇನ್ನೆರಡು ವಾರ ಬೇಡ. ಅಮ್ಮ ಬಾಗಿಲಲ್ಲೇ ನಿಲ್ಲುವುದು ಮಾತ್ರ ಬೇಡ. ಕಕ್ಕಸಿನಲ್ಲಿ ತಿಣುಕಬಾರದು, ಮಲಬದ್ಧತೆ ಇದ್ದರೆ ರಾತ್ರಿ ಇಸಬ್ಗೋಲ್ ಕೊಡಿ.

ಮನೆಯವರ ಜೊತೆ ಕೂತು ಅಡಿಕೆ ಸುಲಿಯುವುದು, ಲೆಕ್ಕ ನೋಡುವುದು, ಹೂಗಿಡಕ್ಕೆ ಚೊಂಬಿನಲ್ಲಿ ನೀರು ಹಾಕುವುದು ಈಗಲೇ ಮಾಡಬಹುದು. ಅಂಗಳದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುವಂತಾದ ಮೇಲೆ ತೋಟದ ದಾರಿ. ಮೊದಲ ಸಲ ಪೂರ್ತಿ ಇಳಿಯುವುದು ಬೇಡ. ಇಳಿಜಾರಿನ ಕಾಲು ಭಾಗ ಇಳಿದು ಹತ್ತಲಿ. ಎರಡು ದಿನ ಬಿಟ್ಟು ಅರ್ಧ. ಏರಿನ ಮಧ್ಯದಲ್ಲಿ ಒಂದು ಕಡೆ ಕೂರಲು ಕಲ್ಲೋ ಹಲಗೆಯೋ ಹಾಕಿಸಿ. ಕೂರಲಿ ಬಿಡಲಿ, ಅದು ಅಲ್ಲಿದೆ ಅನ್ನುವುದೇ ಧೈರ್ಯ. ಹೀಗೆ ಹೋದರೆ ನಡಿಗೆ ಶುರು ಮಾಡಿದ ಆರು ಏಳನೇ ವಾರಕ್ಕೆ ತೋಟದ ತಳ ಮುಟ್ಟುತ್ತಾರೆ.

ನೋಡುವುದು ಬೇರೆ, ಕೆಲಸ ಬೇರೆ. ಗುದ್ದಲಿ ಕೆಲಸ, ಗೊಬ್ಬರದ ಬುಟ್ಟಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಕ್ಯಾನ್ ಹೊರುವುದು ಟ್ರೆಡ್‌ಮಿಲ್ ಪರೀಕ್ಷೆ ಆಗುವ ತನಕ ಬೇಡ. ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವುದಂತೂ ಎಲ್ಲಕ್ಕಿಂತ ಕಡೆಗೆ. ಕೈ ತಲೆಯ ಮೇಲೆತ್ತಿ ಮಾಡುವ ಕೆಲಸಕ್ಕೆ, ಅಷ್ಟೇ ಶ್ರಮದ ಕಾಲಿನ ಕೆಲಸಕ್ಕಿಂತ, ಬಡಿತವೂ ಬಿಪಿಯೂ ಜಾಸ್ತಿ ಏರುತ್ತದೆ. ದಿನಾ ಆರು ಕಿಲೋಮೀಟರ್ ನಡೆಯುವವರು ಐದು ನಿಮಿಷ ದೋಟಿ ಹಿಡಿದು ಎದೆ ಹಿಡಿದುಕೊಂಡಿದ್ದಿದೆ. ಏನೇ ಎತ್ತಿದರೂ ಉಸಿರು ಕಟ್ಟಿ ಎತ್ತಬಾರದು, ಎತ್ತುವಾಗ ಉಸಿರು ಬಿಡಬೇಕು. ಎರಡು ತಿಂಗಳ ಸುಮಾರಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಯಾವ ಕೆಲಸ ಸೈ, ಯಾವುದು ಬೇಡ ಅಂತ ಡಾಕ್ಟರನ್ನು ಕೇಳಿ. ನೀವು ಪಕ್ಕದಲ್ಲೇ ನಿಂತು ನೋಡಬಹುದಾ ಅಂತಲೂ ಕೇಳಿ.

ಮಳೆಗಾಲದಲ್ಲಿ ಇನ್ನೆರಡು ತೊಂದರೆ. ಅಂಗಳದ ಪಾಚಿ, ತೋಟದ ಇಂಬಳ (ಜಿಗಣೆ). ರಕ್ತ ತೆಳುವಾಗಿಸುವ ಎರಡು ಮಾತ್ರೆಯ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾದರೆ ಚಿಕ್ಕದು ಅಂತ ಬಿಡುವಂತಿಲ್ಲ, ಆಸ್ಪತ್ರೆಗೆ ತೋರಿಸಲೇಬೇಕು. ಇಂಬಳ ಕಚ್ಚಿದ ಜಾಗವಂತೂ ಮೊದಲೇ ಬೇಗ ಒಣಗುವುದಿಲ್ಲ, ಈಗ ಇನ್ನೂ ಹೊತ್ತು ಸುರಿಯುತ್ತದೆ. ಬಟ್ಟೆ ಮಡಿಸಿ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಪಂಚೆ ಮೇಲೆ ರಕ್ತ ನೋಡಿ ಮಾತ್ರೆ ನಿಲ್ಲಿಸಿದವರು ಒಬ್ಬರಿದ್ದರು, ಅದಕ್ಕೇ ಇಷ್ಟು ಹೇಳಿದೆ.

ಊಟದ ಬಗ್ಗೆ ನೀವು ಕೇಳಿಲ್ಲ, ನಾನೂ ಉದ್ದ ಮಾಡುವುದಿಲ್ಲ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಯ ಉಪ್ಪು ಎಲ್ಲ ಸೇರಿರಲಿ. ಎಣ್ಣೆ ಬದಲಿಸುವುದಕ್ಕಿಂತ ಕಡಿಮೆ ಮಾಡುವುದು ಮುಖ್ಯ. ಕೊಲೆಸ್ಟರಾಲ್ ಮಾತ್ರೆಯನ್ನು "ರಿಪೋರ್ಟ್ ನಾರ್ಮಲ್ ಬಂತು" ಅಂತ ಬಿಡಬೇಡಿ, ಮಾತ್ರೆ ತಗೊಂಡದ್ದಕ್ಕೇ ಅದು ನಾರ್ಮಲ್. ಹೃದಯಾಘಾತವಾದವರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 55ರ ಕೆಳಗಿರಬೇಕು. ಲ್ಯಾಬಿನ ಚೀಟಿಯಲ್ಲಿ ಅಚ್ಚಾದ ನಾರ್ಮಲ್ ಬೇರೆಯವರಿಗೆ. ದಿನಾ ಬೆಳಿಗ್ಗೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನೀರು ನಿಲ್ಲುತ್ತಿದೆ. ಡಾಕ್ಟರಿಗೆ ಹೇಳಿ. ಮತ್ತೆ ಕವಳ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಹೊಗೆಸೊಪ್ಪು ಇವತ್ತೇ ಹೋಗಬೇಕು. ಬೀಡಿ ಅಲ್ಲವಲ್ಲ ಅನ್ನುವುದು ಹೃದಯಕ್ಕೆ ಗೊತ್ತಾಗುವುದಿಲ್ಲ.

ಬೆಂಗಳೂರು, ಮಂಗಳೂರು, ಮಣಿಪಾಲದಂಥ ಕಡೆ ಹೃದಯ ಪುನಶ್ಚೇತನಕ್ಕೇ ಫಿಸಿಯೋಥೆರಪಿ ವಿಭಾಗಗಳಿವೆ. ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಹನ್ನೆರಡು ವಾರ. ನಿಮ್ಮ ಊರಿನಿಂದ ಘಾಟಿ ಇಳಿದು ವಾರಕ್ಕೆ ಮೂರು ಸಲ ಹೋಗಿಬನ್ನಿ ಅಂತ ನಾನು ಹೇಳಿದರೆ ಅದು ಬರೀ ಬಾಯುಪಚಾರ. ಒಂದು ಸಲ ಹೋಗಿ ಪರೀಕ್ಷೆ ಮಾಡಿಸಿ, ಮನೆಯ ಪಟ್ಟಿ ಬರೆಸಿಕೊಂಡು, ಆಮೇಲೆ ಫೋನಿನಲ್ಲಿ ಕೇಳುತ್ತಾ ಇರಬಹುದು. ಯೋಗ ಆಗುತ್ತಾ ಅಂತ ಹಲವರು ಕೇಳುತ್ತಾರೆ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಜನರ ಮೇಲೆ ಇದನ್ನೇ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು, ಮರು ಆಘಾತಗಳಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ಯೋಗ ಮಾಡಿದವರು ತಾವು ಚೆನ್ನಾಗಿದ್ದೇವೆ ಅಂದರು, ಹಳೆಯ ಕೆಲಸಗಳಿಗೆ ಮರಳಿದ್ದೂ ಅವರೇ ಹೆಚ್ಚು. ಹಾಗಾಗಿ ಮಾಡಲಿ, ನಡಿಗೆಯ ಜೊತೆಗೆ. ಉಸಿರು ಕಟ್ಟುವುದು, ತಲೆಕೆಳಗಾಗುವುದು ಬೇಡ.

ಮಗಳಾಗಿ ನೀವು ಕೇಳಲಾಗದ ಪ್ರಶ್ನೆಯೊಂದಿದೆ, ಬೇರೆ ಓದುಗರಿಗೂ ಬೇಕಾದ್ದು. ಎರಡು ಮಹಡಿ ಮೆಟ್ಟಿಲು ಎದೆನೋವು, ಏದುಸಿರು ಇಲ್ಲದೆ ಹತ್ತುವ ಗಂಡ ಹೆಂಡತಿಯ ಜೊತೆ ಮೊದಲಿನಂತೆ ಇರಬಹುದು. ಸಾರ್ಬಿಟ್ರೇಟ್‌ನಂಥ ಮಾತ್ರೆ ಇರುವವರು ವಯಾಗ್ರದಂಥದ್ದನ್ನು ಮುಟ್ಟಬಾರದು, ಎರಡೂ ಸೇರಿದರೆ ಬಿಪಿ ಕುಸಿದು ಜೀವಕ್ಕೇ ಬರುತ್ತದೆ.

ಉಳಿದದ್ದು ಕೊಟ್ಟಿಗೆ. ಅದು ಅಂಗಳದ ಮಗ್ಗುಲಲ್ಲೇ ಸಮತಟ್ಟಿನಲ್ಲಿದ್ದರೆ ಈ ವಾರವೇ ಹೋಗಿ ದನಗಳ ಮೈ ನೇವರಿಸಿ ಬರಲಿ. ಎರಡು ವಾರ ಬಿಟ್ಟು ಹಾಲು ಕರೆಯಲಿ, ಕೂತು ಮಾಡುವ ಕೆಲಸ ತಾನೇ. ಹುಲ್ಲಿನ ಹೊರೆ, ಸಗಣಿ ಬಾಚುವುದು ಸದ್ಯಕ್ಕೆ ನಿಮ್ಮದು. ಒದೆಯುವ ದನ ಇದ್ದರೆ ಅದೂ ನಿಮ್ಮದೇ.